ಆರತಕ್ಷತೆ ಮೇಜಿಗೆ ಸುಗಂಧರಾಜದ ಬಲೆ

ಮೊನ್ನೆ ಅಕ್ಕನ ಮಗಳ ಮದುವೆಗೆ ನಾವೇ ಕೂತು ತಾಂಬೂಲದ ಮೇಜಿಗೆ ಹೂವಿನ ಹೊದಿಕೆ ಮಾಡಿದೆವು. ಆರಡಿ ಉದ್ದದ ಮೇಜಿಗೆ ಒಂದು ಕೆ.ಜಿ. ಬಿಡಿ ಸುಗಂಧರಾಜ ಸಾಕಾಯ್ತು. ಅರಳಿದ್ದು ಬೇಡ, ಮೊಗ್ಗೇ ತನ್ನಿ; ಮಂಟಪಕ್ಕೆ ಹೋಗುವಷ್ಟರಲ್ಲಿ ತಾನೇ ಬಿರಿಯುತ್ತೆ.

ಉದ್ದ ಸೂಜಿ, ಗಟ್ಟಿ ಹತ್ತಿ ದಾರ. ಮೊಗ್ಗಿನ ತೊಟ್ಟಿನ ಕಡೆಯಿಂದ ಚುಚ್ಚಿ ಉದ್ದಕ್ಕೆ ಪೋಣಿಸಿ. ಮೂರು ಮೊಗ್ಗಾದ ಮೇಲೆ ಒಂದು ಕೆಂಪು ಬಟನ್ ರೋಸ್. ಎರಡನೇ ಸಾಲು ಪೋಣಿಸುವಾಗ ಸೂಜಿ ಮೊದಲ ಸಾಲಿನ ಅದೇ ರೋಸಿನೊಳಗಿಂದಲೇ ಹಾಯಬೇಕು, ಆಗ ತಾನಾಗಿ ಬಲೆಯ ಕಣ್ಣು ಬೀಳುತ್ತೆ. ದಾರ ಬಿಗಿಯಾಗಿ ಎಳೆಯಬೇಡಿ, ಇಡೀ ಬಲೆ ಮುದುಡಿಕೊಳ್ಳುತ್ತೆ (ನಮ್ಮ ಮೊದಲ ಎರಡು ಸಾಲು ಹಾಗೇ ಹಾಳಾಯ್ತು). ಅಂಚಿಗೆ ಸೇವಂತಿಗೆ ಕುಚ್ಚು ಇಳಿಬಿಟ್ಟರೆ ಭಾರಕ್ಕೆ ಹೊದಿಕೆ ಜಾರದೆ ನಿಲ್ಲುತ್ತೆ.

ಹಿಂದಿನ ರಾತ್ರಿ ಮಾಡಿದರೆ ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ, ಮಡಚಬೇಡಿ. ರೇಷ್ಮೆ ಬಟ್ಟೆಯ ಮೇಲೆ ನೇರ ಹಾಸಲೇಬೇಡಿ, ಕಲೆ ಹೋಗಲ್ಲ. ನಾವು ಬಾಳೆಎಲೆ ಹಾಸಿ ಅದರ ಮೇಲೆ ಹೊದಿಸಿದೆವು, ಹಸಿರಿನ ಮೇಲೆ ಬಿಳಿ ಎದ್ದು ಕಾಣ್ತಿತ್ತು. ದೀಪ ಮಾತ್ರ ದೂರ ಇಡಿ.