ಕಿಡ್ನಿ ತಪಾಸಣಾ ಶಿಬಿರ ಮಾಡುತ್ತೀರಾ? ಮೊದಲು ಡಬ್ಬಿ ಹಂಚಿ

ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಮೂತ್ರಪಿಂಡ ದಿನ. ಆ ಹೊತ್ತಿಗೆ ಬೆಂಗಳೂರಿನ ಬಡಾವಣೆಗಳಲ್ಲಿ ಶಾಮಿಯಾನ ಏಳುತ್ತದೆ. ನಾನು ಕಂಡ ಶಿಬಿರಗಳಲ್ಲಿ ಹೆಚ್ಚಿನವು ತೂಕ ನೋಡಿ, ಬೆರಳು ಚುಚ್ಚಿ ಸಕ್ಕರೆ ಅಳೆದು, ಕರಪತ್ರ ಕೊಟ್ಟು ಮುಗಿದಿವೆ. ಕಿಡ್ನಿ ಕಾಯಿಲೆ ಹೀಗೆ ಸಿಕ್ಕಿಬೀಳುವುದಿಲ್ಲ. ಬಹುಪಾಲು ಕೆಡುವವರೆಗೂ ಅದು ನೋವನ್ನೇ ಕೊಡುವುದಿಲ್ಲ.

1. ಜಾಗ: ಸಂಘದ ಸಭಾಂಗಣ ಸಾಕು.

2. ಜನ: ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಮಂಡಿನೋವಿಗೆ ವರ್ಷಗಟ್ಟಲೆ ಮಾತ್ರೆ ನುಂಗುತ್ತಿರುವವರು, ಮನೆಯಲ್ಲಿ ಯಾರಾದರೂ ಡಯಾಲಿಸಿಸ್‌ನಲ್ಲಿರುವವರು ಮೊದಲು ಬರಲಿ. ಕಾವಲುಗಾರರನ್ನೂ ಮನೆಗೆಲಸದವರನ್ನೂ ಬಾಗಿಲಿಗೆ ಹೋಗಿ ಕರೆಯಿರಿ. ನೋಟಿಸು ಅಂಟಿಸಿದರೆ ಅವರು ಬರುವುದಿಲ್ಲ.

3. ಮೂತ್ರದ ಮಾದರಿ: ಎಲ್ಲರೂ ಎಡವುವುದು ಇಲ್ಲಿಯೇ. ಹಿಂದಿನ ಸಂಜೆಯೇ ಪ್ರಯೋಗಾಲಯದ ಡಬ್ಬಿಗಳನ್ನು ಮನೆಮನೆಗೆ ಕೊಡಿ. ತೊಳೆದ ಉಪ್ಪಿನಕಾಯಿ ಬಾಟಲಿ ಬೇಡವೇ ಬೇಡ. ಹೆಸರಿನ ಚೀಟಿಯನ್ನು ಡಬ್ಬಿಯ ಮೈಗೆ ಅಂಟಿಸಿ. ಮುಚ್ಚಳಕ್ಕೆ ಅಂಟಿಸಿದರೆ ಮುಚ್ಚಳ ಅದಲುಬದಲಾದಾಗ ವರದಿಯೂ ಅದಲುಬದಲಾಗುತ್ತದೆ. ಬೆಳಗಿನ ಮೊದಲ ಮೂತ್ರವೇ ಆಗಬೇಕು. ಆರಂಭದ ಸ್ವಲ್ಪವನ್ನು ಬಿಟ್ಟು, ನಡುವಿನದನ್ನು ಹಿಡಿದು, ತಡಮಾಡದೆ ತರಬೇಕು. ಜ್ವರ, ಉರಿಮೂತ್ರ ಅಥವಾ ಮುಟ್ಟು ಇದ್ದರೆ, ಹಿಂದಿನ ದಿನ ಜಿಮ್‌ನಲ್ಲಿ ಬೆವರು ಹರಿಸಿದ್ದರೆ ಪರೀಕ್ಷೆಯನ್ನು ಮುಂದೂಡಿ, ಇಲ್ಲದಿದ್ದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಪ್ರಯೋಗಾಲಯದಲ್ಲಿ ‘ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ’ ಎಂದು ಸ್ಪಷ್ಟವಾಗಿ ಕೇಳಿ. ಆಲ್ಬುಮಿನ್ ಎಂದರೆ ಕಿಡ್ನಿ ಕೆಟ್ಟಾಗ ಮೂತ್ರಕ್ಕೆ ಸೋರುವ ರಕ್ತದ ಪ್ರೋಟೀನ್, ಕ್ರಿಯಾಟಿನಿನ್ ಎಂದರೆ ಕಿಡ್ನಿ ಹೊರಹಾಕುವ ಸ್ನಾಯುಗಳ ತ್ಯಾಜ್ಯ. ಅಗ್ಗವೆಂದು ಬಣ್ಣದ ಪಟ್ಟಿ ಅದ್ದಿ ನೋಡುವವರಿದ್ದಾರೆ. ಅಲ್ಪ ಪ್ರಮಾಣದ ಆಲ್ಬುಮಿನ್ ಸೋರಿಕೆ ಅದಕ್ಕೆ ಕಾಣದೆ ಹೋಗಬಹುದು. ಮುಚ್ಚಳ ತೆರೆದಿಟ್ಟು ತೇವ ಹೀರಿದ ಪಟ್ಟಿಯನ್ನಂತೂ ನಂಬಲೇಬಾರದು.

4. ರಕ್ತ: ಕ್ರಿಯಾಟಿನಿನ್ ಜೊತೆಗೆ ಇಜಿಎಫ್‌ಆರ್ (ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದ, ಕಿಡ್ನಿ ಎಷ್ಟು ವೇಗವಾಗಿ ರಕ್ತ ಸೋಸುತ್ತಿದೆ ಎಂಬ ಅಂದಾಜು) ಅಂಕಿಯೂ ವರದಿಯಲ್ಲಿರಲಿ. ಕ್ರಿಯಾಟಿನಿನ್ 1.1 ಇದ್ದರೆ 25ರ ಯುವಕನ ಇಜಿಎಫ್‌ಆರ್ ಸುಮಾರು 95 ಬರುತ್ತದೆ. ಅದೇ 1.1 ಇರುವ 65ರ ಮಹಿಳೆಯದು ಸುಮಾರು 56, ಅಂದರೆ 60ಕ್ಕಿಂತ ಕಡಿಮೆ. ಕ್ರಿಯಾಟಿನಿನ್ ಒಂದನ್ನೇ ನೋಡಿ ‘ನಾರ್ಮಲ್’ ಎಂದು ಆ ಅಮ್ಮನನ್ನು ಮನೆಗೆ ಕಳುಹಿಸುವುದು ಅನ್ಯಾಯ.

‘ಕಿಡ್ನಿ ಶುದ್ಧಿ’ ಪುಡಿ ಮಾರುವವರು ಪ್ರಾಯೋಜಕರಾಗಿ ಬಂದರೆ ಹಣ ಬೇಡವೆನ್ನಿ. ಕೆಲವು ಭಸ್ಮಗಳಲ್ಲಿರುವ ಸೀಸ, ಪಾದರಸ ಕಿಡ್ನಿಯನ್ನೇ ಕೆಡಿಸುತ್ತವೆ.

5. ಬೆನ್ನು ಹತ್ತುವುದು: ಆಲ್ಬುಮಿನ್ ಅನುಪಾತ ಗ್ರಾಂಗೆ 30 ಮಿಲಿಗ್ರಾಂ ಮುಟ್ಟಿದ್ದರೆ ಅಥವಾ ಇಜಿಎಫ್‌ಆರ್ 60ಕ್ಕಿಂತ ಕೆಳಗಿದ್ದರೆ ಹೆದರಿಸಬೇಡಿ, ಬಿಟ್ಟೂ ಬಿಡಬೇಡಿ, ವರದಿಯನ್ನು ಕೂಡಲೇ ವೈದ್ಯರಿಗೆ ತೋರಿಸಲು ಹೇಳಿ. ದೋಷ ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದರೆ ಮಾತ್ರ ಅದು ದೀರ್ಘಕಾಲದ ಕಾಯಿಲೆ. ಆದ್ದರಿಂದ ಜೂನ್ ತಿಂಗಳ ಮರುಪರೀಕ್ಷೆಯ ದಿನವನ್ನು ಅಂದೇ ಬರೆದುಕೊಡಿ. ತಜ್ಞರನ್ನು ಕಾಣಬೇಕಾದವರಿಗೆ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯ ದಾರಿ ತೋರಿಸಿ. ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಎರಡು ಮೊಬೈಲ್ ಸಂಖ್ಯೆ ಬರೆದುಕೊಳ್ಳಿ. ಜೂನ್ ಬರುವಷ್ಟರಲ್ಲಿ ಕಾವಲುಗಾರ ಬೇರೆ ಕಟ್ಟಡಕ್ಕೆ ಹೋಗಿರುತ್ತಾನೆ.