ಎರೆ ಮಣ್ಣಿನ ಮೇಲೆ ಮೊದಲ ಮನೆ: ಮೊದಲ ವರ್ಷ ಹೀಗೆ ಮಾಡಿ

ಕಲಬುರಗಿಯಲ್ಲಿ ಸ್ವಂತ ಮನೆಗೆ ಬಂದವರು ಮೊದಲ ತಿಂಗಳಲ್ಲೇ ಎರಡು ಕೆಲಸ ಮಾಡುತ್ತಾರೆ. ಗೋಡೆಗೆ ದುಬಾರಿ ಬಣ್ಣ ಹಚ್ಚಿಸುತ್ತಾರೆ. ಗೋಡೆಗೆ ಒತ್ತಿಕೊಂಡೇ ಗಿಡ ಹಚ್ಚಿ ದಿನಾ ನೀರು ಬಿಡುತ್ತಾರೆ. ರಿಂಗ್ ರೋಡ್ ಆಚೆ ನಮ್ಮ ಮನೆಗೆ ಬಂದಾಗ ನಾನೂ ಅದನ್ನೇ ಮಾಡಿದೆ. ಮೇ ತಿಂಗಳಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಬಂತು. ಗಾಬರಿಯಾಗಿ ಸಿಮೆಂಟ್ ತುಂಬಿಸಿದೆವು. ಮಳೆಗಾಲ ಬಂದು ಬಿರುಕು ಮತ್ತೆ ಕೂಡಿಕೊಂಡಾಗ ಆ ಸಿಮೆಂಟ್ ಪಕ್ಕದ ಪ್ಲಾಸ್ಟರನ್ನೂ ಎಬ್ಬಿಸಿಕೊಂಡು ಉದುರಿತು. ಆಮೇಲೆ ಬಂದ ಹಿರಿಯ ಗೌಂಡಿಯೊಬ್ಬರು ಗೋಡೆ ಮುಟ್ಟಿ ನೋಡಿ ಹೇಳಿದರು: "ಒಂದ್ ಬ್ಯಾಸಗಿ, ಒಂದ್ ಮಳಿಗಾಲ ನೋಡ್ರಿ ಸರ್. ಆಮ್ಯಾಲ ಬಣ್ಣ ಹಚ್ರಿ."

ಈ ಲೇಖನದಲ್ಲಿ ಹೇಳುವುದೆಲ್ಲ ಅವರ ಆ ಮಾತಿನ ವಿವರಣೆ. ನಮ್ಮ ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬಸಾಲ್ಟ್ ಕಲ್ಲು ಸವೆದು ಆದ ಮಣ್ಣು ಇದು. ಇದರ ಜೇಡಿಯ ಗುಣವೇ ಹಾಗೆ. ಬೇಸಿಗೆಯಲ್ಲಿ ಖಾಲಿ ಸೈಟಿನ ಬಿರುಕಿನಲ್ಲಿ ಕೈಬೆರಳು ಪೂರ್ತಿ ಇಳಿಯುವುದನ್ನು ನೀವೂ ನೋಡಿರುತ್ತೀರಿ. ಅದೇ ಮಣ್ಣು ನಿಮ್ಮ ಮನೆಯ ಕೆಳಗೂ ಇದೆ. ಹಾಗಾಗಿ ಮನೆ ಸುಧಾರಿಸುವ ಕೆಲಸ ನೀರಿನಿಂದ ಶುರುವಾಗಬೇಕು, ಬಣ್ಣ ಕೊನೆಗೆ ಬರಬೇಕು. ತೋಟವೂ ಇದೇ ಲೆಕ್ಕದಲ್ಲಿ ಕೂರಬೇಕು.

ಬೀದರಿನವರಿಗೆ ಒಂದು ಮಾತು. ಕೆಂಪು ಜಂಬಿಟ್ಟಿಗೆ ನೆಲದ ಮೇಲೆ ಮನೆ ಇದ್ದರೆ ಈ ಉಬ್ಬು-ಕುಗ್ಗಿನ ಚಿಂತೆ ಅಷ್ಟಿಲ್ಲ, ಅಲ್ಲಿ ನೀರು ಬೇಗ ಇಂಗುತ್ತದೆ. ಯಾದಗಿರಿಯಲ್ಲಿ ಎರೆಯೂ ಇದೆ, ಕೆಂಪು ಮಸಾರಿಯೂ ಇದೆ. ಮೊದಲು ನಿಮ್ಮ ಅಂಗಳದಲ್ಲಿ ಒಂದು ಮೊಳ ಅಗೆದು ನೋಡಿಕೊಳ್ಳಿ.

ಮೊದಲ ವಾರ: ಕಾಗದ ಮತ್ತು ಪೆನ್ಸಿಲ್

ಕಾಗದದ ಕೆಲಸ ಬೇಗ ಮುಗಿಸಿ. ಪಾಲಿಕೆಯಲ್ಲಿ ಖಾತಾ ನಿಮ್ಮ ಹೆಸರಿಗೆ ಆಗಿದೆಯೇ, ಜೆಸ್ಕಾಂ ಕರೆಂಟ್ ಮೀಟರ್ ಯಾರ ಹೆಸರಲ್ಲಿದೆ, ಆಸ್ತಿ ತೆರಿಗೆಯ ಹಳೇ ಬಾಕಿ ಇದೆಯೇ ನೋಡಿ. ಮನೆ ಕಟ್ಟಿದವರಿಂದ ನೀರಿನ ಪೈಪು ಮತ್ತು ಕರೆಂಟ್ ವೈರು ಎಲ್ಲೆಲ್ಲಿ ಹೋಗಿವೆ ಅಂತ ಒಂದು ಚಿತ್ರ ಬರೆಸಿಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ, ಗುಂಡಿ ತೋಡುವಾಗ ಅದು ಕೆಲಸಕ್ಕೆ ಬರುತ್ತದೆ.

ಆಮೇಲೆ ಪೆನ್ಸಿಲ್ ಹಿಡಿದು ಮನೆಯೆಲ್ಲ ಒಂದು ಸುತ್ತು ಹಾಕಿ. ಬಿರುಕು ಕಂಡಲ್ಲಿ ಅದರ ಎರಡೂ ತುದಿಗೆ ಸಣ್ಣ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಸ್ಕೇಲ್ ಇಟ್ಟು ಒಂದು ಫೋಟೊ ತೆಗೆದುಕೊಳ್ಳಿ, ಮೇ ತಿಂಗಳಲ್ಲಿ ಇನ್ನೊಂದು. ಕೂದಲೆಳೆಯಂಥ ಬಿರುಕುಗಳು ಹೆಚ್ಚಾಗಿ ಪ್ಲಾಸ್ಟರ್ ಒಣಗಿದಾಗ ಬಂದವು, ಅವಕ್ಕೆ ಹೆದರಬೇಡಿ. ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಹೋಗುವವು, ಇಟ್ಟಿಗೆಯ ಸಾಲು ಹಿಡಿದು ಮೆಟ್ಟಿಲಿನ ಹಾಗೆ ಇಳಿಯುವವು ಹೆಚ್ಚಾಗಿ ನೆಲದ ಕಡೆಯಿಂದ ಬಂದವು. ಅಂಥ ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಎರಡೂ ಕಡೆ ಸಿಮೆಂಟ್ ಹಚ್ಚಿ ಕೂರಿಸುವುದು ಗೌಂಡಿಗಳ ಹಳೆಯ ಪದ್ಧತಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಎಂದರ್ಥ. ಬಿರುಕಿನ ಅಗಲ 5 ಮಿಲಿಮೀಟರ್ ದಾಟಿದರೆ, ಅಥವಾ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳತೊಡಗಿದರೆ ಕಾಯಬೇಡಿ, ಸಿವಿಲ್ ಎಂಜಿನಿಯರ್ ಒಬ್ಬರಿಗೆ ತೋರಿಸಿ.

ಬೇಸಿಗೆಗೆ ಮುಂಚೆ: ಮಾಳಿಗೆಗೆ ಸುಣ್ಣ

ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಮಾಮೂಲು. ಎಸಿ ತರುವ ಮುಂಚೆ ಮಾಳಿಗೆಗೆ (ತಾರಸಿಗೆ) ಸುಣ್ಣ ಬಳಿಯಿರಿ, ಖರ್ಚು ಬಹಳ ಕಮ್ಮಿ. ಸುಟ್ಟ ಸುಣ್ಣವನ್ನು ಹಿಂದಿನ ದಿನವೇ ನೀರಿನಲ್ಲಿ ಹಾಕಿ ಅರಳಲು ಬಿಡಿ. ಅದು ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಸಿಡಿಯದಂತೆ ಕನ್ನಡಕ ಹಾಕಿಕೊಳ್ಳಿ. ಮರುದಿನ ಬಟ್ಟೆಯಲ್ಲಿ ಸೋಸಿ, ಹಿಡಿತಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ. ಮಾಳಿಗೆಯನ್ನು ಚೆನ್ನಾಗಿ ಗುಡಿಸಿ, ತುಸು ನೀರು ಚಿಮುಕಿಸಿ, ಒಂದು ಕೋಟು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಹಚ್ಚಿ. ಮಳೆಗೆ ಇದು ತೊಳೆದು ಹೋಗುತ್ತದೆ, ಪ್ರತಿವರ್ಷ ಫೆಬ್ರುವರಿಯಲ್ಲಿ ಮತ್ತೆ ಬಳಿಯಬೇಕು.

ಕೂಲರ್ ಇಟ್ಟರೆ ಎದುರಿನ ಕಿಟಕಿ ತೆರೆದಿಡಿ. ಒಳಗಿನ ಗಾಳಿಗೆ ಹೊರಗೆ ದಾರಿ ಇಲ್ಲದಿದ್ದರೆ ಕೋಣೆ ತಂಪಾಗುವ ಬದಲು ಜಿಗುಟಾಗುತ್ತದೆ. ವಾರಕ್ಕೊಮ್ಮೆ ಅದರ ನೀರು ಪೂರ್ತಿ ಚೆಲ್ಲಿ, ತೊಟ್ಟಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಯ ಮೊಟ್ಟೆ ಒಂದು ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿಬಿಡುತ್ತದೆ. ಆದರೆ ಆ ನೀರನ್ನು ಕುಂಡಕ್ಕೆ ಹಾಕಬೇಡಿ. ನೀರು ಆರಿ ಆರಿ ಉಪ್ಪು ತಳದಲ್ಲೇ ಉಳಿದಿರುತ್ತದೆ.

ಮಳೆಗಾಲಕ್ಕೆ ಮುಂಚೆ: ಮನೆಯ ಸುತ್ತ ಫರ್ಸಿ

ಇಡೀ ವರ್ಷದಲ್ಲಿ ನೀವು ಮಾಡುವ ದೊಡ್ಡ ಕೆಲಸ ಇದು. ಹಣ ಒಂದೇ ಕೆಲಸಕ್ಕೆ ಸಾಕಾಗುತ್ತದೆ ಅಂದರೆ ಇದಕ್ಕೇ ಹಾಕಿ, ಮಾಡ್ಯುಲರ್ ಕಿಚನ್ ಕಾಯಲಿ.

ಪಾಯದ ಪಕ್ಕದ ಮಣ್ಣು ಒಂದೆಡೆ ನೆನೆದು ಒಂದೆಡೆ ಒಣಗಿದ್ದರೆ ಮನೆ ಒಂದು ಕಡೆ ಏಳುತ್ತದೆ, ಇನ್ನೊಂದು ಕಡೆ ಕೂರುತ್ತದೆ. ಗೋಡೆ ಸೀಳುವುದು ಆಗಲೇ. ಅದಕ್ಕೇ ಮನೆಯ ಸುತ್ತ 3 ಅಡಿ ಅಗಲಕ್ಕೆ ಎರೆ ಮಣ್ಣನ್ನು ಅರ್ಧ ಅಡಿಯಷ್ಟು ತೆಗೆಸಿ. ಅಲ್ಲಿ ಮುರುಮ್ (ಗರಸು ಮಣ್ಣು) ತುಂಬಿ, ನೀರು ಹೊಡೆದು, ದಿಮ್ಮಸು ಹಾಕಿಸಿ ಗಟ್ಟಿ ಮಾಡಿಸಿ. ಅದರ ಮೇಲೆ ಶಹಾಬಾದ್ ಫರ್ಸಿ, ಅಂದರೆ ಚಪ್ಪಡಿ ಕಲ್ಲು, ಕೂರಿಸಿ. ನಮ್ಮ ಜಿಲ್ಲೆಯ ಕಲ್ಲು, ಕೈಗೆ ಸುಲಭವಾಗಿ ಸಿಗುತ್ತದೆ. ಪಾಲಿಶ್ ಮಾಡದ ಒರಟು ಕಲ್ಲೇ ಬೇಕು, ಪಾಲಿಶ್ ಕಲ್ಲಿನ ಮೇಲೆ ಮಳೆಯಲ್ಲಿ ಕಾಲು ಜಾರುತ್ತದೆ. ಗೋಡೆಯ ಕಡೆ ಎತ್ತರ, ಹೊರಗಡೆ ಇಳಿಜಾರು ಇರಲಿ. 3 ಅಡಿಗೆ ಒಂದು ಇಂಚು ಇಳಿದರೆ ಸಾಕು. ಸಂದುಗಳನ್ನೂ, ಮುಖ್ಯವಾಗಿ ಗೋಡೆಗೂ ಕಲ್ಲಿಗೂ ನಡುವಿನ ಸಂದನ್ನೂ ಮುಚ್ಚಿಸಿ. ಕೆಲಸ ಮುಗಿದ ಮೇಲೆ ಒಂದು ಬಕೆಟ್ ನೀರನ್ನು ಗೋಡೆಯ ಬುಡಕ್ಕೆ ಸುರಿಯಿರಿ. ನೀರು ನಿಲ್ಲದೆ ಹೊರಗೆ ಓಡಬೇಕು. ಎಲ್ಲಾದರೂ ನಿಂತರೆ ಗೌಂಡಿ ಇರುವಾಗಲೇ ಆ ಕಲ್ಲು ಎತ್ತಿಸಿ ಮತ್ತೆ ಕೂರಿಸಿ.

ಒಂದು ಎಚ್ಚರಿಕೆ. ಫರ್ಸಿಯ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯುತ್ತಾರೆ, ಬಿಡಬೇಡಿ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು, ಆಸಿಡ್ ಅದನ್ನು ತಿಂದುಹಾಕುತ್ತದೆ.

ಇನ್ನು ಮಾಳಿಗೆಯ ನೀರು. 1,000 ಚದರ ಅಡಿ ಮಾಳಿಗೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,800 ಲೀಟರ್ ನೀರು ಪೈಪಿನಲ್ಲಿ ಇಳಿಯುತ್ತದೆ. ಅದೆಲ್ಲ ಪಾಯದ ಬುಡಕ್ಕೆ ಬಿದ್ದರೆ ಗತಿ ಏನು? ಪೈಪಿನ ಬಾಯಿಯನ್ನು ಫರ್ಸಿಯ ಆಚೆಗೆ ಒಯ್ಯಿರಿ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ಆಮೇಲಿನದನ್ನು ಬಲೆ ಕಟ್ಟಿದ ಡ್ರಮ್ಮಿಗೆ ಅಥವಾ ನೆಲದಡಿಯ ಸಂಪ್‌ಗೆ ತಿರುಗಿಸಬಹುದು. ಇಂಗು ಗುಂಡಿಯನ್ನು ಮಾತ್ರ ಮನೆಗೆ ಹತ್ತಿರ ತೋಡಬೇಡಿ, ಸೈಟಿನ ದೂರದ ಮೂಲೆಯೇ ಅದಕ್ಕೆ ಜಾಗ.

ತೋಟ: ಮೊದಲು ಮಣ್ಣು ಓದಿ

ಮನೆ ಕಟ್ಟಿದವರು ಸಿಮೆಂಟ್ ಉಂಡೆ, ಇಟ್ಟಿಗೆ ಚೂರು, ಪ್ಲಾಸ್ಟರ್ ಎಲ್ಲ ಅಂಗಳದಲ್ಲೇ ಹೂತು ಹೋಗಿರುತ್ತಾರೆ. ಗಿಡ ಹಚ್ಚುವ ಜಾಗದಲ್ಲಿ ಒಂದು ಅಡಿ ಆಳದವರೆಗೆ ಅದನ್ನು ಆರಿಸಿ ತೆಗೆಯಿರಿ. ಆಮೇಲೆ ಒಂದು ಹಿಡಿ ಮಣ್ಣು ತಟ್ಟೆಯಲ್ಲಿ ಹಾಕಿ ಅದರ ಮೇಲೆ ನಿಂಬೆ ಹಣ್ಣು ಹಿಂಡಿ. ಕಿವಿ ಹತ್ತಿರ ತನ್ನಿ. ನಮ್ಮ ಅಂಗಳದ ಮಣ್ಣು ಸೋಡಾ ಬಾಟಲಿ ತೆರೆದ ಹಾಗೆ ಸುಯ್ ಅಂತು, ಅಂಚಿನಲ್ಲಿ ಸಣ್ಣ ನೊರೆ ಎದ್ದಿತು. ಮಣ್ಣಿನಲ್ಲಿ ಸುಣ್ಣ ಇದೆ ಅನ್ನುವುದಕ್ಕೆ ಅದೇ ಗುರುತು. ಸುಣ್ಣ ಜಾಸ್ತಿ ಇರುವಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗುವುದಿಲ್ಲ. ದಾಸವಾಳ, ಮಲ್ಲಿಗೆ, ನಿಂಬೆಯ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ನೀರು ಕಮ್ಮಿಯಾಯಿತು ಅಂದುಕೊಂಡು ಇನ್ನಷ್ಟು ನೀರು ಹಾಕಿದರೆ ಅದು ಇನ್ನೂ ಹಳದಿಯಾಗುತ್ತದೆ. ತಿಪ್ಪೆ ಗೊಬ್ಬರ ಧಾರಾಳವಾಗಿ ಕೊಡಿ. ತಕ್ಷಣಕ್ಕೆ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಅನ್ನಭೇದಿ ಫರ್ಸಿಗೆ ತಾಗಿದರೆ ತುಕ್ಕಿನ ಕಲೆ ಉಳಿಯುತ್ತದೆ, ಗೋಣಿ ಹಾಸಿಕೊಳ್ಳಿ.

ಎರೆ ಮಣ್ಣನ್ನು ಹಸಿ ಇದ್ದಾಗ ತುಳಿಯಬಾರದು, ಪೂರ್ತಿ ಒಣಗಿದಾಗ ಅಗೆಯಲು ಆಗುವುದಿಲ್ಲ. ನಡುವೆ ಹದ ಬರುವುದು ಕೆಲವೇ ದಿನ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಆ ದಿನ ಬೇರೆ ಕೆಲಸ ಬಿಟ್ಟು ಗುದ್ದಲಿ ಹಿಡಿಯಿರಿ.

ಮಿರಗ (ಮೃಗಶಿರ) ಮಳೆಯ ಮೇಲೆ ಗಿಡ

ಒಂದೆರಡು ಒಳ್ಳೆಯ ಮಳೆ ಆಗುವವರೆಗೆ ಏನೂ ಹಚ್ಚಬೇಡಿ. ಜೂನ್ ಎರಡನೇ ವಾರದಿಂದ ಶುರು ಮಾಡಬಹುದು.

ಗುಂಡಿ ತೋಡಿ, ಸಡಿಲ ಗೊಬ್ಬರ ತುಂಬಿ ಗಿಡ ಇಡುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಎರೆ ಮಣ್ಣಿನಲ್ಲಿ ಅದು ಗಿಡ ಕೊಲ್ಲುತ್ತದೆ. ಸುತ್ತಲಿನ ಜೇಡಿ ನೀರು ಬಿಡುವುದಿಲ್ಲ, ಮಳೆಯ ನೀರೆಲ್ಲ ಆ ಗುಂಡಿಯಲ್ಲಿ ಹಂಡೆಯಲ್ಲಿ ನಿಂತ ಹಾಗೆ ನಿಲ್ಲುತ್ತದೆ. ನಮ್ಮ ಮೊದಲ ನಿಂಬೆ ಗಿಡ ಸೆಪ್ಟೆಂಬರ್ ಮಳೆಯಲ್ಲಿ ಹಾಗೇ ಹೋಯಿತು. ಕಿತ್ತಾಗ ಬೇರು ಕಪ್ಪಾಗಿ, ಸಿಪ್ಪೆ ಕೈಯಲ್ಲೇ ಜಾರಿ ಬಂತು. ಅವ್ವ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು, ಊರಿನ ಹೊಲದಿಂದ ಅವಳೇ ತಂದ ಗಿಡ ಅದು.

ಈಗ ನಾವು ದಿಬ್ಬದ ಮೇಲೆ ಹಚ್ಚುತ್ತೇವೆ. ಅಗಲ ನಾಲ್ಕು ಅಡಿ, ಎತ್ತರ ಒಂದು ಅಡಿ. ಅಲ್ಲಿನದೇ ಮಣ್ಣು ಮೂರು ಪುಟ್ಟಿ, ತಿಪ್ಪೆ ಗೊಬ್ಬರ ಒಂದು ಪುಟ್ಟಿ. ಗಿಡವನ್ನು ದಿಬ್ಬದ ನೆತ್ತಿಯಲ್ಲಿ ಇಡಿ. ನುಗ್ಗೆ, ಕರಿಬೇವು, ಪೇರಲ, ಸೀತಾಫಲ, ದಾಳಿಂಬೆ ಇಲ್ಲಿ ಚೆನ್ನಾಗಿ ಬರುತ್ತವೆ. ಗೋಡೆಯಿಂದ ಕನಿಷ್ಠ 8-10 ಅಡಿ ದೂರ ಇರಲಿ. ಬೇವು ನನಗೆ ಬಹಳ ಇಷ್ಟದ ಗಿಡ, ಆದರೆ 30×40 ಅಡಿ ಸೈಟಿನಲ್ಲಿ ಅದಕ್ಕೆ ಜಾಗ ಇಲ್ಲ. ದೊಡ್ಡ ಮರ ಬೇಸಿಗೆಯಲ್ಲಿ ಪಾಯದ ಕೆಳಗಿನ ತೇವವನ್ನೂ ಹೀರುತ್ತದೆ.

ದಿಬ್ಬದ ಮೇಲೆ ಹೊದಿಕೆ ಹಾಕಿ. ಒಣ ಎಲೆ, ತೊಗರಿ ಹೊಟ್ಟು, ಏನು ಸಿಕ್ಕರೂ ಸರಿ, ನಾಲ್ಕು ಬೆರಳು ದಪ್ಪ ಇರಲಿ, ಕಾಂಡಕ್ಕೆ ತಾಗದಿರಲಿ. ರಾಶಿ ಮುಗಿದ ಮೇಲೆ ಹೊಲದಲ್ಲಿ ಉಳಿಯುವ ತೊಗರಿ ಕಟ್ಟಿಗೆ ತಂದಿಟ್ಟುಕೊಂಡರೆ ಹೀರೇಕಾಯಿ, ಅವರೆ ಬಳ್ಳಿಗೆ ಆಸರೆಯಾಗುತ್ತದೆ.

ಬೇಸಿಗೆಯಲ್ಲಿ ನೀರು ಹಾಕುವಾಗ ಒಂದು ಗುಟ್ಟು ಇದೆ. ಬಿರುಕು ಬಿಟ್ಟ ಮಣ್ಣಿಗೆ ಪೈಪಿನಿಂದ ನೀರು ಬಿಟ್ಟರೆ ಅದು ಬಿರುಕಿನೊಳಗೆ ಇಳಿದು ಬೇರಿಗೆ ಸಿಗದೆ ಹೋಗುತ್ತದೆ. ಮೊದಲು ಕಳೆ ತೆಗೆಯುವ ಕುರ್ಚಿಗೆಯಿಂದ ಮೇಲ್ಮಣ್ಣು ಕೆದರಿ ಬಿರುಕು ಮುಚ್ಚಿ, ಆಮೇಲೆ ನಿಧಾನವಾಗಿ ನೀರು ಕೊಡಿ. ಗಿಡದಿಂದ ಒಂದು ಮೊಳ ದೂರದಲ್ಲಿ ಮಣ್ಣಿನ ಗಡಿಗೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಮುಚ್ಚಳ ಇಟ್ಟರೆ ಇನ್ನೂ ಒಳ್ಳೆಯದು. ಗಡಿಗೆ ಜಿನುಗುತ್ತಾ ಇರುತ್ತದೆ, ಊರಿಗೆ ಹೋದರೂ ಎರಡು ಮೂರು ದಿನ ಚಿಂತೆ ಇಲ್ಲ.

ದಸರೆಯ ಮೇಲೆ

ಮಳೆ ಹಿಂದೆ ಸರಿದ ಮೇಲೆ ಮೆಂತ್ಯ, ಕೊತ್ತಂಬರಿ, ರಾಜಗಿರಿ ಬಿತ್ತಿ. ಮೂರು ಅಡಿ ಅಗಲದ ಮಡಿ ಸಾಕು, ನಡುವೆ ಕಾಲು ಇಡದೆ ಎರಡೂ ಕಡೆಯಿಂದ ಕೈ ಎಟುಕಬೇಕು. ಪುಂಡಿ ಪಲ್ಯ ಮಳೆಗಾಲದಲ್ಲೇ ಬಿತ್ತಿದ್ದರೆ ಇಷ್ಟು ಹೊತ್ತಿಗೆ ಎದೆಮಟ್ಟ ಬಂದಿರುತ್ತದೆ, ತುದಿ ಚಿವುಟುತ್ತಾ ಹೋದಂತೆ ಕವಲು ಒಡೆಯುತ್ತದೆ.

ಈಗ ಪೆನ್ಸಿಲ್ ಗೆರೆಗಳ ಹತ್ತಿರ ಹೋಗಿ. ಮೊದಲ ವಾರದ ಫೋಟೊ, ಮೇ ತಿಂಗಳ ಫೋಟೊ, ಇವತ್ತಿನ ಗೋಡೆ, ಮೂರನ್ನೂ ಹೋಲಿಸಿ. ಬಿರುಕು ಗೆರೆ ದಾಟಿ ಬೆಳೆದಿದ್ದರೆ ಎಂಜಿನಿಯರ್ ಹತ್ತಿರ ಹೋಗಿ. ಬೇಸಿಗೆಯಲ್ಲಿ ತೆರೆದು ಈಗ ಕೂಡಿಕೊಂಡಿದ್ದರೆ ಇನ್ನೊಂದು ಬೇಸಿಗೆ ನೋಡಿ, ಫರ್ಸಿ ಎಷ್ಟು ಕೆಲಸ ಮಾಡಿದೆ ಅಂತ ಆಗ ಗೊತ್ತಾಗುತ್ತದೆ. ಅಲ್ಲೇ ನಿಂತಿದ್ದರೆ ಅದನ್ನು ವಿ ಆಕಾರದಲ್ಲಿ ಕೆರೆದು, ಬ್ರಷ್‌ನಿಂದ ಧೂಳು ತೆಗೆದು, ಸಿಮೆಂಟ್ ಬದಲು ಸ್ವಲ್ಪ ಹಿಗ್ಗಿ ಕುಗ್ಗುವ ಅಕ್ರಿಲಿಕ್ ಫಿಲ್ಲರ್ ತುಂಬಿಸಿ. ಅದು ಪೂರ್ತಿ ಒಣಗಿದ ಮೇಲೆ ಬಣ್ಣದವರನ್ನು ಕರೆಯಿರಿ.