ಲೋಬೆಡ್‌ಗೆ ಮೆಷಿನ್ ಏರಿಸಿ ಕಟ್ಟುವುದನ್ನು ಹುಡುಗರಿಗೆ ಕಲಿಸಿದ್ದು: ನನ್ನ ಅನುಭವ

ನಾಲ್ಕು ದಿನದಲ್ಲಿ ಹೆಲ್ಪರ್‌ಗಳಿಗೆ ಲೋಬೆಡ್ (ಭಾರದ ಮೆಷಿನ್ ಸಾಗಿಸುವ ತಗ್ಗು ಟ್ರೈಲರ್) ಮೇಲೆ ಮೆಷಿನ್ನಿಗೆ ಚೈನ್ ಕಟ್ಟುವುದನ್ನು ಕಲಿಸಬಹುದು ಅಂದಾಗ ಹಾಸನದ ಲಾರಿ ಲೈನಿನಲ್ಲಿ ನಕ್ಕವರೇ ಹೆಚ್ಚು. "20 ಟನ್ ಹಿಟಾಚಿ ಎಲ್ಲಿಗೆ ಹೋಗುತ್ತೆ ಸಾರ್, ಅದರ ಭಾರಕ್ಕೇ ಕೂತಿರುತ್ತೆ" ಅನ್ನುವುದು ಈ ದಂಧೆಯ ಹಳೇ ಮಂತ್ರ. ಈಗ ಎರಡು ಮಳೆಗಾಲ ಕಳೆದಿದೆ. ಶಿರಾಡಿ ಇಳಿದದ್ದು, ಬೇಲೂರು, ಚಿಕ್ಕಮಗಳೂರು ಕಡೆ ಹೋದದ್ದು ಎಲ್ಲ ಸೇರಿ ನೂರರ ಮೇಲೆ ಟ್ರಿಪ್ ಆಗಿರಬೇಕು. ಮೆಷಿನ್ ಸರಿದರೆ ತಿಳಿಯಲಿ ಎಂದು ಟ್ರ್ಯಾಕಿನಿಂದ ಡೆಕ್ ಮೇಲೆ ಎಳೆದ ಸೀಮೆಸುಣ್ಣದ ಗೆರೆ ಎರಡು ಸಲ ಮಾತ್ರ ಕದಲಿದೆ. ಆ ಎರಡರ ಲೆಕ್ಕವೂ ಕೆಳಗಿದೆ. ಬೈಂಡರ್, ಗೂಸ್‌ನೆಕ್, ಸ್ವಿಂಗ್ ಲಾಕ್ ಅಂದರೆ ಕ್ರಮವಾಗಿ ಚೈನ್ ಬಿಗಿಯುವ ಸಾಧನ, ಟ್ರೈಲರಿನ ಮುಂದಿನ ಎತ್ತರದ ಕೊರಳು, ಮೆಷಿನ್ನಿನ ಮೇಲ್ಭಾಗ ತಿರುಗದಂತೆ ಹಿಡಿಯುವ ಲಾಕ್.

ಮೊದಲು ಕೈಕೊಟ್ಟ ದಾರಿಗಳು. ಪ್ರೊಜೆಕ್ಟರ್ ಹಾಕಿ ಒಂದು ದಿನದ ತರಗತಿ ಮಾಡಿದೆವು. ಊಟ, ಬಾಡಿಗೆ, ಕೂಲಿ ಸೇರಿ 9–10 ಸಾವಿರ ಹೋಯಿತು. ವಾರದ ನಂತರ ನೋಡಿದರೆ ಕೊಕ್ಕೆ ಮತ್ತೆ ಕ್ಯಾಬಿನ್ ಹತ್ತುವ ಮೆಟ್ಟಿಲಿಗೇ ಸಿಕ್ಕಿಸಿದ್ದರು. ಆಮೇಲೆ 32 ಅಂಶಗಳ ಪಟ್ಟಿ ಮುದ್ರಿಸಿದೆವು. ಚಹಾ ಕುಡಿಯುವಾಗಲೇ 32ಕ್ಕೂ ಟಿಕ್ ಬೀಳುತ್ತಿತ್ತು, ಮೆಷಿನ್ ಇನ್ನೂ ನೆಲದ ಮೇಲೇ ಇರುತ್ತಿತ್ತು. ಮೂರನೆಯದು ಹಳಬರ ಕೈಕೆಳಗೆ ಹೊಸಬರನ್ನು ಬಿಟ್ಟದ್ದು. ಇದೇ ದುಬಾರಿಯಾದದ್ದು. ಹಳಬರ ಕೈಚಳಕದ ಜೊತೆ ಅವರ ಚಾಳಿಯೂ ಹೊಸಬರಿಗೆ ಬಂತು. ಲಿವರ್ ಬೈಂಡರ್‌ಗೆ ಪೈಪು ತೂರಿಸಿ ಎಳೆಯುವುದು, ಬೂಮ್ (ಮೆಷಿನ್ನಿನ ತೋಳು) ಮೇಲೆ ಅಡ್ಡಡ್ಡ ಚೈನ್ ಹಾಕಿ ಬಿಗಿಯುವುದು. ಹಾಗೆ ಬಿಗಿದದ್ದರಲ್ಲಿ ಒಂದು ಹೈಡ್ರಾಲಿಕ್ ಹೋಸ್ ಜಜ್ಜಿ, ಎಣ್ಣೆ ಸೇರಿ ಸುಮಾರು 14 ಸಾವಿರ ಕೈಬಿಟ್ಟಿತು. ಪೈಪು ತೂರಿಸಿದ ಲಿವರ್ ತಿರುಗಿ ಹೊಡೆದರೆ ದವಡೆ ಉಳಿಯುವುದಿಲ್ಲ. ಅದಕ್ಕೇ ಲಿವರ್ ಬೈಂಡರ್‌ಗಳನ್ನೆಲ್ಲ ಗುಜರಿಗೆ ಹಾಕಿ, ಹಲ್ಲುಹಲ್ಲಾಗಿ ತಿರುಗಿಸಿ ಬಿಗಿಯುವ ರ‍್ಯಾಚೆಟ್ ಬೈಂಡರ್ ತಂದೆವು.

ಕೆಲಸ ಮಾಡಿದ ದಾರಿ ಒಂದು ತಗಡಿನಿಂದ ಶುರುವಾಯಿತು. 10 ಅಡಿ ಉದ್ದದ ಚೆಕ್ಕರ್ಡ್ ಪ್ಲೇಟು, ಅದರ ಮೇಲೆ ಬಿಚ್ಚಿಟ್ಟ ಹಳೇ ಟ್ರ್ಯಾಕ್ ಶೂ (ಟ್ರ್ಯಾಕಿನ ಕಬ್ಬಿಣದ ಪಟ್ಟಿ) ಎರಡು. ಪ್ಲೇಟಿನ ಒಂದು ತುದಿಯನ್ನು ಚೈನ್ ಪುಲ್ಲಿಯಲ್ಲಿ ನಿಧಾನ ಎತ್ತುವುದು, ಶೂ ಜಾರಿದ ಕ್ಷಣ ಎತ್ತರ ಅಳೆಯುವುದು. ಒಣಗಿದ, ಗುಡಿಸಿದ ಪ್ಲೇಟಿನಲ್ಲಿ ಎರಡೂವರೆ ಅಡಿ ಆಸುಪಾಸಿಗೆ ಜಾರಿತು. ಕಾಫಿ ತೋಟದ ಕೆಂಪು ಮಣ್ಣನ್ನು ನೀರಲ್ಲಿ ಕಲಸಿ ಸವರಿದರೆ ಒಂದೂವರೆ ಅಡಿಗೇ ಸೋಪಿನ ಹಾಗೆ ಇಳಿಯಿತು. ಶೂ ಕೆಳಗೆ ರಬ್ಬರ್ ಹಾಕಿದರೆ 5 ಅಡಿಯವರೆಗೆ ಅಲ್ಲಾಡಲಿಲ್ಲ. ಇದನ್ನು ಕಣ್ಣಾರೆ ಕಂಡ ಹುಡುಗ ಡೆಕ್ ತೊಳೆಯದೆ ಮೆಷಿನ್ ಏರಿಸಲು ಬಿಡುವುದಿಲ್ಲ. ಮೊದಲ ದಿನ ಪೂರ್ತಿ ಇಷ್ಟೇ, ಮೆಷಿನ್ ಹತ್ತಿರಕ್ಕೂ ಹೋಗುವುದಿಲ್ಲ.

ಸಂಜೆ ಅದೇ ಪ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ. ಜೋರು ಬ್ರೇಕ್ ಬಿದ್ದಾಗ ಮುಂದಕ್ಕೆ ನುಗ್ಗುವ ಬಲವನ್ನು ತೂಕದ ಶೇ. 80 ಎಂದು, ಪಕ್ಕಕ್ಕೆ ಮತ್ತು ಹಿಂದಕ್ಕೆ ಶೇ. 50 ಎಂದು ಹಿಡಿಯಬೇಕು. 20 ಟನ್ನಿಗೆ ಮುಂದಕ್ಕೆ 16 ಟನ್. ಟ್ರ್ಯಾಕ್ ಕೆಳಗೆ ರಬ್ಬರ್ ಇದ್ದರೆ ಹಿಡಿತ ಸುಮಾರು 12 ಟನ್. ಅದನ್ನು ಪೂರ್ತಿ ನಂಬದೆ ಮುಕ್ಕಾಲು, ಅಂದರೆ 9 ಟನ್ ಎಂದಿಟ್ಟುಕೊಳ್ಳುತ್ತೇವೆ. ಉಳಿದ 7 ಟನ್ ಚೈನ್ ಪಾಲು. ಕೆಸರಿದ್ದರೆ ಹಿಡಿತದ ಮುಕ್ಕಾಲು 2 ಟನ್ ಚಿಲ್ಲರೆ ಮಾತ್ರ, ಚೈನ್ ಮೇಲೆ ಸುಮಾರು 14 ಟನ್ ಬೀಳುತ್ತದೆ. ಗ್ರೇಡ್ 80ರ (ಇದು ಚೈನಿನ ಬಲದ ದರ್ಜೆ) 10 ಎಂಎಂ ಚೈನ್ ಕಟ್ಟುವ ಕೆಲಸಕ್ಕೆ ತಡೆಯುವುದು 6.3 ಟನ್, 13 ಎಂಎಂ ಆದರೆ 10 ಟನ್. ಅದೂ ನೇರ ಎಳೆದರೆ. ಓರೆಯಾಗಿ ಕಟ್ಟಿದಾಗ ಅದರಲ್ಲಿ ಮೂರನೇ ಎರಡು ಪಾಲು ಮಾತ್ರ ದಕ್ಕುತ್ತದೆ. ಹಳಬರಿಗೂ ಹೊಳೆಯದೇ ಇದ್ದ ಇನ್ನೊಂದು ಮಾತಿದೆ. ಮುಂದಕ್ಕೆ ಜಾರದಂತೆ ಹಿಡಿಯುವುದು ನಾಲ್ಕು ಚೈನಿನಲ್ಲಿ ಹಿಂದಕ್ಕೆ ಎಳೆದು ಕಟ್ಟಿದ ಎರಡು ಮಾತ್ರ. ಬ್ರೇಕ್ ಬಿದ್ದಾಗ ಮುಂದಿನ ಎರಡು ಸುಮ್ಮನೆ ನೇತಾಡುತ್ತವೆ. ಹಾಗಾಗಿ 10 ಎಂಎಂ ಜೋಡಿ ಕೊಡುವುದು 8 ಟನ್ ಚಿಲ್ಲರೆ. ರಬ್ಬರ್ ಇದ್ದರೆ ಸಾಕು, ಕೆಸರಿದ್ದರೆ ಸಾಲದು. 13 ಎಂಎಂ ಜೋಡಿಯ 13 ಟನ್ ಚಿಲ್ಲರೆಯೂ ಕೆಸರಿನ ಮುಂದೆ ಸೋಲುತ್ತದೆ. ದುಡ್ಡು ಸುರಿದು ದಪ್ಪ ಚೈನ್ ತಂದು ಡೆಕ್ ಗುಡಿಸದೇ ಇರುವವರಿಗೆ ಈ ಲೆಕ್ಕ ತೋರಿಸಬೇಕು.

ರಬ್ಬರ್ ಹೊಸದು ಕೊಳ್ಳಬೇಡಿ. ಜಲ್ಲಿ ಕ್ರಷರ್‌ಗಳ ಹಳೇ ಕನ್ವೇಯರ್ ಬೆಲ್ಟ್ ಕೆಜಿಗೆ 35 ರೂಪಾಯಿ ಹಾಗೆ ಸಿಕ್ಕಿತು. ಎರಡೂವರೆ ಅಡಿ ಚೌಕದ ಎಂಟು ತುಂಡು, ಎರಡು ಸಾವಿರದೊಳಗೆ ಮುಗಿಯಿತು. ತುಂಡು ಟ್ರ್ಯಾಕಿನ ಅಂಚಿನಿಂದ ನಾಲ್ಕು ಬೆರಳು ಹೊರಗೆ ಕಾಣಬೇಕು, ಎಲ್ಲೂ ಕಬ್ಬಿಣ ಕಬ್ಬಿಣಕ್ಕೆ ತಾಗಬಾರದು. ರಬ್ಬರ್ ಬದಲು ಬೇರೆ ಏನಾದರೂ ಆದೀತೇ ಎಂದು ಗೋಣಿಚೀಲ, ಮರಳು, ಕಾಫಿ ಸಿಪ್ಪೆ ಎಲ್ಲ ಹಾಕಿ ನೋಡಿದೆವು. ಒಣ ಗೋಣಿ ಪರವಾಗಿಲ್ಲ, ನೆನೆದರೆ ಮುದ್ದೆಯಾಗಿ ಸರಿಯುತ್ತದೆ. ಮರಳಿನ ಕಾಳುಗಳು ಗೋಲಿಯ ಹಾಗೆ ಉರುಳುತ್ತವೆ. ಕಾಫಿ ಸಿಪ್ಪೆಯ ಬಗ್ಗೆ ಕೇಳಲೇಬೇಡಿ. ಬೆಣೆಗೆ ಸಿಲ್ವರ್ ಓಕ್ ಬಳಸಿದ್ದೂ ತಪ್ಪೇ ಆಯಿತು. ತೋಟದಲ್ಲಿ ಬಿಟ್ಟಿ ಸಿಗುತ್ತದೆ ನಿಜ, ಆದರೆ ಮೂರನೇ ಟ್ರಿಪ್ಪಿಗೆ ಉದ್ದುದ್ದಕ್ಕೆ ಸೀಳಿತು. ಮತ್ತಿ ಮರದ ದಿಮ್ಮಿ ಒಂದೂವರೆ ವರ್ಷದಿಂದ ಹಾಗೇ ಇದೆ.

ಎರಡನೇ ದಿನ ಏರಿಸುವುದನ್ನಲ್ಲ, ಇಳಿಸುವುದನ್ನು ಕಲಿಸುತ್ತೇವೆ. ಎಲ್ಲರೂ ಹೆಚ್ಚು ನಕ್ಕದ್ದು ಇದಕ್ಕೇ. ಸರಿಯಾಗಿ ಕಟ್ಟಿದ ಮೆಷಿನ್ನನ್ನು ಹುಡುಗರೇ ಬಿಚ್ಚಬೇಕು. ಯಾವ ಚೈನಿನಲ್ಲಿ ಎಷ್ಟು ಬಿಗಿ ಕೂತಿದೆ, ಬೈಂಡರ್ ಬಿಡುವಾಗ ಎಲ್ಲಿ ನಿಲ್ಲಬಾರದು, ಕೊಕ್ಕೆ ಫ್ರೇಮಿನ ಯಾವ ಕಣ್ಣಿನಲ್ಲಿತ್ತು ಎಂಬುದು ಬಿಚ್ಚುವ ಕೈಗೆ ತಾನಾಗಿ ತಿಳಿಯುತ್ತದೆ. ಎಂಟು ಹತ್ತು ಸಲ ಬಿಚ್ಚಿದವನಿಗೆ ಕಟ್ಟಲು ಹೇಳಿದರೆ ಅದೇ ಜಾಗಕ್ಕೆ ಕೈ ಹೋಗುತ್ತದೆ.

ಏರಿಸುವಾಗ ರ‍್ಯಾಂಪಿನ ಇಳಿಜಾರು 15 ಡಿಗ್ರಿ ದಾಟಬಾರದು. ಡೆಕ್ 3 ಅಡಿ ಎತ್ತರವಿದ್ದರೆ ರ‍್ಯಾಂಪ್ 12 ಅಡಿ ಬೇಕು. 8 ಅಡಿಯ ರ‍್ಯಾಂಪಿನಲ್ಲಿ ಅದು 22 ಡಿಗ್ರಿ ಆಗುತ್ತದೆ. ಮಲೆನಾಡಿನಲ್ಲಿ ರ‍್ಯಾಂಪ್ ಇಳಿಸುವ ಸೋಮಾರಿತನಕ್ಕೆ ಗಾಡಿಯನ್ನು ದರೆಗೆ ಹಿಂದೆ ಕೊಟ್ಟು ಅಲ್ಲಿಂದಲೇ ಮೆಷಿನ್ ದಾಟಿಸುವುದು ರೂಢಿ. ಬೇಸಿಗೆಯಲ್ಲಿ ನಡೆಯುತ್ತದೆ. ಮಳೆ ಕುಡಿದ ದರೆಯ ಅಂಚು ಟ್ರ್ಯಾಕ್ ಅರ್ಧ ದಾಟಿದಾಗ ಕುಸಿಯುತ್ತದೆ, ಮೆಷಿನ್ ಓರೆಯಾಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಅಂಚನ್ನು ಎರಡು ಅಡಿ ಹಿಂದಕ್ಕೆ ಕಡಿದು, ಗಟ್ಟಿ ನೆಲ ಸಿಕ್ಕ ಮೇಲೆ ದಿಮ್ಮಿ ಅಡ್ಡ ಹಾಕಿ ದಾಟಿಸುವುದು.

ಹಿಟಾಚಿ ಹತ್ತುವಾಗ ಬೂಮ್ ಮುಂದೆ, ಸ್ಪ್ರಾಕೆಟ್ (ಟ್ರ್ಯಾಕ್ ತಿರುಗಿಸುವ ಹಲ್ಲಿನ ಚಕ್ರ) ಹಿಂದೆ, ನಡಿಗೆ ನಿಧಾನದ ಗೇರಿನಲ್ಲಿ. ಆಟೋ ಐಡಲ್ (ಲಿವರ್ ಮುಟ್ಟದಿದ್ದಾಗ ಇಂಜಿನ್ ವೇಗ ತಾನಾಗಿ ಇಳಿಸುವ ವ್ಯವಸ್ಥೆ) ಆಫ್ ಮಾಡಿರಬೇಕು, ಇಲ್ಲದಿದ್ದರೆ ರ‍್ಯಾಂಪಿನ ನಡುವೆ ಇಂಜಿನ್ ಬಿದ್ದು ಎದ್ದು ಮೆಷಿನ್ ಜಗ್ಗುತ್ತದೆ. ರ‍್ಯಾಂಪಿನ ಮೇಲೆ ತಿರುಗಿಸುವ ಹಾಗಿಲ್ಲ. ಸರಿಯಾಗಿ ಬರದಿದ್ದರೆ ಇಳಿದು ಮತ್ತೆ ಹತ್ತುವುದು. ತುದಿಯಲ್ಲಿ ಮೂತಿ ಧಡಕ್ಕೆಂದು ಬೀಳುವ ಜಾಗದಲ್ಲಿ ಬಕೆಟನ್ನು ಡೆಕ್ ಮೇಲಿನ ಹಲಗೆಗೆ ಹಗುರಾಗಿ ತಾಗಿಸಿ ದಾಟಿಸುತ್ತೇವೆ. ಪೂರ್ತಿ ಏರಿದ ಮೇಲೆ 180 ಡಿಗ್ರಿ ತಿರುಗಿಸಿ ಬೂಮ್ ಹಿಂದಕ್ಕೆ. ಆಗ ಹಿಂಬದಿಯ ಸಮತೋಲನದ ಭಾರ, ಅಂದರೆ ಕೌಂಟರ್‌ವೇಟ್ ಗೂಸ್‌ನೆಕ್ಕಿಗೆ ಬಡಿಯದಷ್ಟು ಅಂತರ ಬಿಟ್ಟಿರಬೇಕು. ಬಕೆಟ್ ಹಲಗೆಯ ಮೇಲೆ ಪೂರ್ತಿ ಕೂರಬೇಕು. ಒಂದು ಇಂಚು ಮೇಲೆ ನಿಂತರೂ ಹೈಡ್ರಾಲಿಕ್ ದಾರಿಯಲ್ಲಿ ಇಳಿದು ಬಕೆಟ್ಟಿನ ಚೈನ್ ಸಡಿಲವಾಗುತ್ತದೆ. ರೋಲರ್ ಆದರೆ ನಡುವಿನ ಕೀಲಿನ ಲಾಕ್ ಪಿನ್ ಮರೆಯುವುದೇ ದೊಡ್ಡ ತಪ್ಪು. ಪಿನ್ ಇಲ್ಲದ ರೋಲರ್ ತಿರುವಿನಲ್ಲಿ ನಡು ಮುರಿದ ಹಾವಿನಂತೆ ಬಾಗುತ್ತದೆ. ಅದರ ನುಣುಪು ಡ್ರಮ್ ಮಳೆಯಲ್ಲಿ ಕಬ್ಬಿಣದ ರ‍್ಯಾಂಪ್ ಮೇಲೆ ಪಕ್ಕಕ್ಕೆ ಜಾರದಂತೆ ನಾವು ಮಾಡುವ ಒಂದು ಉಪಾಯವಿದೆ. ಬಾಡಿಗೆ ಪೈಪೋಟಿ ಇರುವ ಊರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಸನ್ನೆಯ ವಿಷಯ ಚಿಕ್ಕದು, ತೊಂದರೆ ದೊಡ್ಡದು. ನಾಲ್ಕು ಜನ ನಾಲ್ಕು ಕಡೆಯಿಂದ "ಬರ್ಲಿ ಬರ್ಲಿ" ಎಂದು ಕೂಗಿದರೆ ಆಪರೇಟರ್ ಯಾರ ಮಾತು ಕೇಳಬೇಕು? ನಮ್ಮಲ್ಲಿ ಒಬ್ಬನ ಕೈಗೆ ಮಾತ್ರ ಹಸಿರು ಗ್ಲೌಸು, ಅವನ ಸನ್ನೆಯೇ ಸನ್ನೆ. ನಿಲ್ಲಿಸು ಅನ್ನುವುದನ್ನು ಮಾತ್ರ ಯಾರು ಬೇಕಾದರೂ ಹೇಳಬಹುದು. ಬಿಹಾರ, ಉತ್ತರ ಕರ್ನಾಟಕ, ತಮಿಳುನಾಡು ಕಡೆಯ ಹುಡುಗರು ಒಂದೇ ಗುಂಪಿನಲ್ಲಿ ಇರುವುದರಿಂದ ಬಾಯಿಮಾತು ಬಿಟ್ಟು ಕೈಸನ್ನೆ ಮತ್ತು ಸೀಟಿ ಮಾತ್ರ.

ಮೂರನೇ ದಿನ ತಪ್ಪು ಹುಡುಕುವ ಆಟ. ಬೆಳಿಗ್ಗೆ ನಾವೇ ಒಂಬತ್ತು ತಪ್ಪು ಇಟ್ಟು ಕಟ್ಟಿರುತ್ತೇವೆ, ಮೆಷಿನ್ ನಿಂತಲ್ಲೇ ಇರುತ್ತದೆ. ಕೊಕ್ಕೆಯ ತುದಿಗೆ ಮಾತ್ರ ಭಾರ, ತಿರುಚಿದ ಚೈನ್, ಕೈಹಿಡಿ ಕಂಬಿಗೆ ಕಟ್ಟಿದ್ದು, ಹಾಕದ ಸ್ವಿಂಗ್ ಲಾಕ್, ಟ್ರ್ಯಾಕ್ ನಡುವೆ ಸಿಕ್ಕಿದ ಕಲ್ಲು (ಹೆದ್ದಾರಿಯಲ್ಲಿ ಹಿಂದೆ ಬರುವ ಬೈಕಿನವನ ತಲೆಗೆ ಅದೇ ಸಾಕು), ಗ್ರೇಡ್ ಗುರುತೇ ಇಲ್ಲದ ಅಂಗಡಿ ಚೈನ್, ಚೂಪು ಅಂಚಿನ ಮೇಲೆ ಹಾದ ಕಟ್ಟುವ ಬೆಲ್ಟ್. ಸವೆದ ಕೊಂಡಿ ಪತ್ತೆಗೆ ತಗಡಿನಲ್ಲಿ 11.7 ಎಂಎಂ ಸೀಳು ಕೊರೆದು ಎಲ್ಲರ ಜೇಬಿಗೂ ಒಂದೊಂದು ಕೊಟ್ಟಿದ್ದೇವೆ. 13 ಎಂಎಂ ಚೈನಿನ ಕೊಂಡಿ ಆ ಸೀಳಿನೊಳಗೆ ತೂರಿದರೆ ಹತ್ತರಲ್ಲಿ ಒಂದು ಪಾಲು ಸವೆದಿದೆ ಎಂದರ್ಥ, ಆ ಚೈನ್ ಬಿಸಾಡಬೇಕು. ತಪ್ಪೊಂದಕ್ಕೆ 50 ರೂಪಾಯಿ ಬಹುಮಾನ. ಹತ್ತು ನಿಮಿಷದ ಗಡುವು. ಮೊದಲ ಸುತ್ತಿನಲ್ಲಿ ಮೂರು ನಾಲ್ಕು ಸಿಗುತ್ತವೆ, ಸಂಜೆಯೊಳಗೆ ಎಂಟು. ಒಂಬತ್ತನೆಯದನ್ನು ಎಲ್ಲಿ ಅಡಗಿಸುತ್ತೇವೆ ಎಂಬುದು ಮುಂದಿನ ತಂಡಕ್ಕೂ ಬೇಕು, ಹಾಗಾಗಿ ಅದೂ ಗುಟ್ಟು. 32ರ ಪಟ್ಟಿ ಈಗ 7ಕ್ಕೆ ಇಳಿದಿದೆ, ಏಳಕ್ಕೂ ಫೋಟೋ ಕಡ್ಡಾಯ.

ನಾಲ್ಕನೇ ದಿನ ಸೀಮೆಸುಣ್ಣ. ಟ್ರ್ಯಾಕಿನಿಂದ ಡೆಕ್‌ವರೆಗೆ ಒಂದೇ ಗೆರೆ ಎಳೆದು, ಖಾಲಿ ಯಾರ್ಡಿನಲ್ಲಿ ಯಾರೂ ಹತ್ತಿರವಿಲ್ಲದಂತೆ ನೋಡಿಕೊಂಡು 20 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕುವುದು. ಗೆರೆ ಎರಡು ತುಂಡಾದರೆ ಕಟ್ಟಿದವನೇ ಬಿಚ್ಚಿ ಮತ್ತೆ ಕಟ್ಟಬೇಕು. ಮಳೆಯಲ್ಲಿ ಸೀಮೆಸುಣ್ಣ ನಿಲ್ಲುವುದಿಲ್ಲ, ಆಗ ಪೇಂಟ್ ಮಾರ್ಕರ್.

ದಾರಿಯಲ್ಲೂ ಇದೇ ಗೆರೆ ನೋಡುತ್ತೇವೆ. ಹಾಸನ ಬಿಟ್ಟ ಹತ್ತು ಕಿಲೋಮೀಟರಿಗೆ ಒಮ್ಮೆ, ಬಾಳ್ಳುಪೇಟೆಯಲ್ಲಿ ಒಮ್ಮೆ, ಘಾಟ್ ಇಳಿಯುವ ಮೊದಲು ಮಾರನಹಳ್ಳಿಯಲ್ಲಿ ಒಮ್ಮೆ. ಗೆರೆ ಮೊದಲು ಕದಲಿದ್ದು ಜೆಸಿಬಿ ಒಯ್ದಾಗ. ಟೈರ್ ಮೆಷಿನ್ ಕುಲುಕಾಟಕ್ಕೆ ಕೂತು ಏಳುತ್ತದೆ, ಮೊದಲ ಹತ್ತು ಕಿಲೋಮೀಟರಿನಲ್ಲೇ ಚೈನ್ ಸಡಿಲವಾಗುತ್ತದೆ. ಆ ಸಲ ಮೊದಲ ನಿಲುಗಡೆ ಬಿಟ್ಟು ಓಡಿಸಿದ್ದರು, ಎರಡು ಬೆರಳಷ್ಟು ಸರಿದಿತ್ತು. ಇನ್ನೊಂದರಲ್ಲಿ ಕಟ್ಟಿದ್ದು ಸರಿಯೇ ಇತ್ತು. ಹಳೇ ಹಿಟಾಚಿಯಿಂದ ಸೋರಿದ ಎಣ್ಣೆಯನ್ನು ಕುಡಿದು ರಬ್ಬರೇ ಜಾರುಬಂಡೆಯಾಗಿತ್ತು. ಅಂದಿನಿಂದ ತುಂಡುಗಳನ್ನು ಟ್ರಿಪ್ಪಿಗೊಮ್ಮೆ ಸೋಪಿನ ಪುಡಿಯಲ್ಲಿ ಉಜ್ಜಿ ತೊಳೆಯುತ್ತೇವೆ.

ಮೆಷಿನ್ ಡೆಕ್ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯಲು ವೇಬ್ರಿಡ್ಜಿನಲ್ಲಿ ಟ್ರೈಲರಿನ ಆಕ್ಸಲ್‌ಗಳನ್ನಷ್ಟೇ ನಿಲ್ಲಿಸಿ ತೂಗಿದೆವು. 20 ಟನ್ ಮೆಷಿನ್ ಒಂದಡಿ ಮುಂದೆ ಸರಿದರೆ 600–700 ಕೆಜಿ ಹಿಂದಿನ ಆಕ್ಸಲ್‌ಗಳಿಂದ ಕುದುರೆಯ (ಟ್ರೈಲರ್ ಎಳೆಯುವ ಮುಂದಿನ ಗಾಡಿ) ಕಡೆಗೆ ಹೋಗುತ್ತದೆ. ನಾಲ್ಕು ಸಲ ಸರಿಸಿ ಸರಿಸಿ ತೂಗಿದ್ದಕ್ಕೆ 600 ರೂಪಾಯಿ. ಸಿಕ್ಕ ಜಾಗಕ್ಕೆ ಹಿಟಾಚಿಗೆ ಹಳದಿ, ರೋಲರ್‌ಗೆ ಬಿಳಿ ಗೆರೆ ಬಳಿದೆವು. ಈಗ ಯಾರೂ ಕಣ್ಣಂದಾಜು ಮಾಡುವುದಿಲ್ಲ.

ಖರ್ಚು ನೆನಪಿದ್ದಷ್ಟು: 13 ಎಂಎಂ ಚೈನ್ 5 ಮೀಟರಿನ ನಾಲ್ಕು ಮತ್ತು ನಾಲ್ಕು ರ‍್ಯಾಚೆಟ್ ಬೈಂಡರ್, ಎರಡೂ ಸೇರಿ 40 ಸಾವಿರದ ಹತ್ತಿರ. ಐದು ಜನರ ನಾಲ್ಕು ದಿನದ ಕೂಲಿ 16 ಸಾವಿರ, ಬಹುಮಾನ ಎರಡು ಸಾವಿರ, ಡೀಸೆಲ್ ಮೂರು ನಾಲ್ಕು ಸಾವಿರ. ದೊಡ್ಡ ಹೊಡೆತ ಲೋಬೆಡ್ ಸುಮ್ಮನೆ ನಿಲ್ಲುವುದು. ಮೊದಲ ತಂಡಕ್ಕೆ ಜನವರಿಯಲ್ಲಿ ಕಲಿಸಲು ಹೋಗಿ ನಾಲ್ಕು ದಿನದ ಬಾಡಿಗೆ ಕಳೆದುಕೊಂಡೆವು. ಈಗ ಜುಲೈ ಕೊನೆಯ ಪುಷ್ಯ ಮಳೆ ಹಿಡಿದು ಮಣ್ಣಿನ ಕೆಲಸವೆಲ್ಲ ನಿಂತು, ಘಾಟಿಯಲ್ಲಿ ಇವತ್ತು ಬಿಡುತ್ತಾರೋ ನಾಳೆಯೋ ಎಂದು ಗಾಡಿಗಳು ಕಾಯುವ ಹೊತ್ತಿಗೇ ತಂಡ ಕೂರಿಸುತ್ತೇವೆ. ಕೆಸರನ್ನೂ ಕಲಸಬೇಕಾಗಿಲ್ಲ, ಯಾರ್ಡಿನಲ್ಲೇ ಇರುತ್ತದೆ.